ಗಾಳಿ ತೆಗೆದ ಚಟ್ನಿ

30 ಡಿಸೆಂಬರ್ 2024, ಸೋಮವಾರ. ಎಳ್ಳಮಾವಾಸ್ಯೆ

ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದೆವು. ಜೋಳ ಆಳೆತ್ತರ ನಿಂತಿದೆ, ಕಾಳು ಇನ್ನೂ ಹಾಲು. ಬುತ್ತಿಯಲ್ಲಿ ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಗುರೆಳ್ಳು ಚಟ್ನಿ, ಕೆನೆಮೊಸರು. ಅವ್ವನನ್ನು ಬದುವಿನ ತನಕ ಕಾರಿನಲ್ಲೇ ಒಯ್ದಿದ್ದೆ. ಎಂಬತ್ತಾರರಲ್ಲೂ ಒಂದೂವರೆ ರೊಟ್ಟಿ ಮುರಿದಳು. ಉಂಡು ಬನ್ನಿಗಿಡದ ನೆರಳಲ್ಲಿ ಅಡ್ಡಾಗಿದ್ದಾಗ ಮ್ಯೂನಿಕ್‌ನಿಂದ ಮಗಳ ಫೋನು. ಜನವರಿ 10ಕ್ಕೆ ಬರುತ್ತಾಳಂತೆ, 26ಕ್ಕೆ ವಾಪಸು.

“ಅಪ್ಪಾ, ಈ ಸಲ ಗಾಳಿ ಎಳದು ಪ್ಯಾಕ್ ಮಾಡೂ ಮಷಿನ್ ತಂದಿಡು. ಹ್ವಾದ ವರ್ಷದ್ದು ನೆನಪೈತಿಲ್ಲ?”

ಮರೆಯುವಂಥದ್ದೇ? ಹೋದ ವರ್ಷ ಈಕೆ, ನನ್ನ ಹೆಂಡತಿ, ಮೂರು ಕಿಲೋ ಶೇಂಗಾ ಚಟ್ನಿ ಕುಟ್ಟಿ, ಪ್ಲಾಸ್ಟಿಕ್ ಚೀಲದೊಳಗೆ ಚೀಲ ಹಾಕಿ, ಬಾಯಿಯನ್ನು ಮೇಣಬತ್ತಿಯ ಉರಿಗೆ ಹಿಡಿದು ಅಂಟಿಸಿದ್ದಳು. ಒಂದು ಚೀಲ ವಿಮಾನದಲ್ಲೇ ಒಡೆಯಿತು. ಮಗಳ ಉಣ್ಣೆಯ ಕೋಟು ಎರಡು ತಿಂಗಳು ಬೆಳ್ಳುಳ್ಳಿ ನಾತ ಬಿಡಲಿಲ್ಲ. ಉಳಿದದ್ದು ಮಾರ್ಚ್ ಹೊತ್ತಿಗೆ ಕಮಟು ಹಿಡಿಯಿತು, ಒಂದೂವರೆ ಕಿಲೋ ಎಸೆದಳು. ಎಸೆದದ್ದಕ್ಕಿಂತ, ಎಸೆದೆ ಅಂತ ಬಾಯಿಬಿಟ್ಟು ಹೇಳಿದ್ದು ಈಕೆಗೆ ಹೆಚ್ಚು ಹತ್ತಿತು.

2 ಜನವರಿ 2025, ಗುರುವಾರ

ಬೆಳಗಾವಿಗೆ ಹೋಗಿ ಬಂದೆ. ಖಡೇಬಜಾರಿನ ಅಂಗಡಿಯವ ಎರಡು ನಮೂನೆ ತೋರಿಸಿದ. ಒಂದು ಗೋದಿಹಿಟ್ಟಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ. ಚೀಲವನ್ನು ಇಡಿಯಾಗಿ ಒಳಗಿಟ್ಟು ಗಾಜಿನ ಮುಚ್ಚಳ ಹಾಕಿದರೆ ಪೆಟ್ಟಿಗೆಯದೇ ಗಾಳಿ ತೆಗೆಯುತ್ತದೆ. ಚೀಲದ ಒಳಗೂ ಹೊರಗೂ ಒತ್ತಡ ಒಂದೇ ಆದ್ದರಿಂದ ಸಾರು ಹಾಕಿದರೂ ಹೊರಗೆ ಹರಿದು ಬರುವುದಿಲ್ಲ, ಸಾದಾ ಚೀಲವೂ ನಡೆಯುತ್ತದೆ. ಆದರೆ ಬೆಲೆ ಮೂವತ್ತು ಸಾವಿರದ ಮೇಲೆ, ಎತ್ತಲು ಇಬ್ಬರು ಬೇಕು. “ಇದು ಹಾಟೆಲ್ನ್ಯಾವ್ರಿಗೆ, ಮೀನಿನಾವ್ರಿಗೆ ಕಾಕಾ,” ಅಂದ. ಇನ್ನೊಂದು ಮೊಳದುದ್ದದ ಹಲಗೆಯಂಥದು. ಚೀಲದ ಬಾಯಿಯನ್ನಷ್ಟೇ ಅದರ ದವಡೆಗೆ ಕೊಡಬೇಕು, ಉಳಿದ ಚೀಲ ಹೊರಗೇ. ಗಾಳಿ ಎಳೆದು, ಒಂದು ಕಾದ ತಂತಿಯಿಂದ ಬಾಯಿ ಕರಗಿಸಿ ಅಂಟಿಸುತ್ತದೆ. ಮನೆಗೆ ಇದೇ ಸಾಕು.

ಈ ಎರಡನೆಯದರಲ್ಲೇ ನಾಲ್ಕು ಕಂಪನಿಯವು. ಡಬ್ಬಿಯ ಮೇಲೆ ಒಂದರಲ್ಲಿ ಮೈನಸ್ 60 ಕಿಲೋಪಾಸ್ಕಲ್, ಇನ್ನೊಂದರಲ್ಲಿ ಮೈನಸ್ 80. ಮೂವತ್ತು ವರ್ಷ ವಿಜ್ಞಾನ ಕಲಿಸಿದವನಿಗೆ ಸುಮ್ಮನೆ ಕೂಡಲು ಆಗಲಿಲ್ಲ. ಅಂಗಡಿಯ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಹಾಕಿದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 101. ಅದರಲ್ಲಿ 60 ಕಳೆದರೆ ಐದರಲ್ಲಿ ಎರಡು ಪಾಲು ಗಾಳಿ ಕಾಳಿನ ಸಂದಿಯಲ್ಲಿ ಉಳಿದೇ ಇರುತ್ತದೆ. 80 ಕಳೆದರೂ ಒಂದು ಪಾಲು. ನಿರ್ವಾತ ಅನ್ನುವುದು ಡಬ್ಬಿಯ ಮೇಲಿನ ಮಾತು. ಅಂಗಡಿಯವ ನನ್ನ ಲೆಕ್ಕ ನೋಡಿ ನಕ್ಕ, ಐವತ್ತು ರೂಪಾಯಿ ಮಾತ್ರ ಬಿಡಲಿಲ್ಲ.

ಮೈನಸ್ 60ರದೇ ತಂದೆ, 3,200 ರೂಪಾಯಿ. 80ರದಕ್ಕೆ ಗಾಳಿ ಎಳೆಯುವುದನ್ನು ನಡುವೆ ನಿಲ್ಲಿಸುವ ಗುಂಡಿ ಇರಲಿಲ್ಲ. ಮೆತ್ತನ್ನ ಪದಾರ್ಥಕ್ಕೆ ಅದು ಬೇಕೇ ಬೇಕು ಅಂತ ನನ್ನ ಅನಿಸಿಕೆ. ಇದರ ರಬ್ಬರು ಪಟ್ಟಿ ಕೈಯಿಂದಲೇ ಕಿತ್ತು ಬದಲಿಸಬಹುದು, ಒಂದು ಜಾಸ್ತಿ ಪಟ್ಟಿಯೂ ಕೊಟ್ಟ. ಮಷಿನ್ನಿನ ಬೆಲೆ ಒಮ್ಮೆಯದು, ಚೀಲದ ಬೆಲೆ ಕಾಯಂ. 28 ಸೆಂಟಿಮೀಟರ್ ಅಗಲ, 5 ಮೀಟರ್ ಉದ್ದದ ಸುರುಳಿಗೆ 400. ಗೇಣುದ್ದ ಕತ್ತರಿಸಿದರೆ ಒಂದು ಚೀಲಕ್ಕೆ ಹದಿನೆಂಟು ರೂಪಾಯಿ ಬಿತ್ತು. ಕಿರಾಣಿ ಅಂಗಡಿಯ ಪಾಲಿಥೀನು ನಡೆಯುವುದಿಲ್ಲ. ಅದರ ಎರಡು ಹಾಳೆ ಒಂದಕ್ಕೊಂದು ಅಂಟಿ ಗಾಳಿ ನಡುವೆಯೇ ಸಿಕ್ಕಿಕೊಳ್ಳುತ್ತದೆ, ಮೇಲಾಗಿ ಆಮ್ಲಜನಕ ಅದರ ಮೈಯೊಳಗಿಂದಲೇ ಮೆಲ್ಲಗೆ ತೂರುತ್ತದೆ. ಈ ಚೀಲಕ್ಕೆ ಹೊರಗೆ ನೈಲಾನು, ಒಳಗೆ ಕರಗುವ ಪಾಲಿಥೀನು. ಒಳಮೈಯಲ್ಲಿ ಬಲೆಯ ಹಾಗೆ ಉಬ್ಬುಗೆರೆ, ಗಾಳಿ ಹೋಗಲು ಕಾಲುದಾರಿ.

4 ಜನವರಿ, ಶನಿವಾರ

ಮೊದಲ ಪ್ರಯೋಗ ಖಡಕ್ ರೊಟ್ಟಿಯ ಮೇಲೆ. ಮಗಳು ಕೇಳಿದ್ದು ಚಟ್ನಿಗೆ, ನಾನು ಮಷಿನ್ ತಂದದ್ದು ಮುಖ್ಯವಾಗಿ ರೊಟ್ಟಿಗೆ.

ನಮ್ಮ ಮನೆಯ ರೊಟ್ಟಿ ಚೀಲದೊಳಗೆ ಹಿಡಿಯಲೇ ಇಲ್ಲ. ಈಕೆ ಗೊಣಗುತ್ತ ಗೇಣಗಲದ ಹತ್ತು ರೊಟ್ಟಿ ಬೇರೆ ಬಡಿದಳು. “ಇವು ರೊಟ್ಟಿ ಅಲ್ಲರಿ, ಸಣ್ಣ ಹುಡುಗ್ರ ಆಟದ ಸಾಮಾನು.” ಹತ್ತನ್ನೂ ಪೇರಿಸಿ ಚೀಲಕ್ಕೆ ಹಾಕಿ ಗುಂಡಿ ಒತ್ತಿದೆ. ಗರ್ರ್ ಅಂತ ಶುರುವಾಯಿತು. ಚೀಲ ಮೆಲ್ಲಗೆ ರೊಟ್ಟಿಗೆ ಅಂಟುತ್ತ ಬಂತು. ಆಮೇಲೆ ಒಳಗಿಂದ ಚಟ್, ಚಟ್ ಚಟ್, ಒಣಗಿದ ತೊಗರಿಕಟ್ಟಿಗೆ ಮುರಿದ ಹಾಗೆ. ನಿಲ್ಲಿಸುವ ಗುಂಡಿ ಹುಡುಕುವಷ್ಟರಲ್ಲಿ ಹತ್ತಕ್ಕೆ ಹತ್ತೂ ಚೂರು.

ತಪ್ಪು ಮಷಿನ್ನಿನದಲ್ಲ. ಗೇಣಗಲದ ರೊಟ್ಟಿ ಅಂದರೆ 380 ಚದರ ಸೆಂಟಿಮೀಟರ್. ಒಳಗಿನ 60 ಕಿಲೋಪಾಸ್ಕಲ್ ತೆಗೆದರೆ ಹೊರಗಿನ ಗಾಳಿ ಚದರ ಸೆಂಟಿಮೀಟರಿಗೆ ಆರುನೂರು ಗ್ರಾಮಿನ ಮೇಲೆ ಒತ್ತುತ್ತದೆ. ಒಟ್ಟು ಎರಡು ಕ್ವಿಂಟಲ್ ದಾಟಿತು. ರೊಟ್ಟಿ ಹಲಗೆಯ ಹಾಗೆ ಸಪಾಟಾಗಿದ್ದರೆ ತಡೆಯುತ್ತಿತ್ತೇನೋ. ಒಲೆಯ ಬದಿಗೆ ನಿಂತು ಒಣಗಿದ ರೊಟ್ಟಿ ದೋಣಿಯ ಹಾಗೆ ಬಾಗಿರುತ್ತದೆ, ಬೆನ್ನ ಮೇಲೆ ಎರಡು ಜೋಳದ ಚೀಲ ಹೇರಿದರೆ ಉಳಿದೀತೇ? ಒಟ್ಟೋ ಫಾನ್ ಗೆರಿಕೆ 1650ರ ದಶಕದಲ್ಲಿ ಜರ್ಮನಿಯಲ್ಲಿ ತಾಮ್ರದ ಎರಡು ಅರೆಗೋಳದ ಗಾಳಿ ತೆಗೆದು ಎರಡು ಕಡೆ ಕುದುರೆ ಕಟ್ಟಿ ಎಳೆಸಿದ ಕತೆಯನ್ನು ಒಂಬತ್ತನೆಯ ಇಯತ್ತೆಗೆ ಎಷ್ಟು ಸಲ ಹೇಳಿದ್ದೆ! ನಮ್ಮ ಮನೆಯಲ್ಲಿ ಆ ಪ್ರಯೋಗ ರೊಟ್ಟಿಯ ಮೇಲೆ ಆಗಬೇಕಿತ್ತು.

ಈಕೆ ಏನೂ ಅನ್ನಲಿಲ್ಲ. ರಾತ್ರಿ ಆ ಚೂರನ್ನೇ ಮೊಸರಿನಲ್ಲಿ ನೆನೆಸಿ, ಒಗ್ಗರಣೆ ಹಾಕಿ ಬಡಿಸಿದಳು.

5 ಜನವರಿ, ರವಿವಾರ

ಇವತ್ತು ಬರೀ ಚೀಲ ಅಂಟಿಸುವುದನ್ನು ರೂಢಿ ಮಾಡಿಕೊಂಡೆ. ಒಂದರ ಹಿಂದೆ ಒಂದು ಅಂಟಿಸಿದರೆ ತಂತಿ ಕಾದು ನಾಲ್ಕನೆಯ ಚೀಲದ ಬಾಯಿ ಹರಿದೇ ಹೋಗುತ್ತದೆ. ನಡುವೆ ಒಂದು ನಿಮಿಷ ಬಿಡಬೇಕು. ಅಂಟಿಸಿದ ಗೆರೆಯಿಂದ ಬೆರಳಗಲ ಬಿಟ್ಟು ಇನ್ನೊಂದು ಗೆರೆ. ಆಮೇಲೆ ಬಕೀಟಿನ ನೀರಲ್ಲಿ ಮುಳುಗಿಸಿ ಹಿಂಡಿದರೆ ಗುಳ್ಳೆ ಬರಬಾರದು. ಟ್ಯೂಬಿನ ಪಂಕ್ಚರ್ ನೋಡುವ ಹಾಗೇ.

8 ಜನವರಿ, ಬುಧವಾರ

ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಮೂರೂ ಆದವು. ಈಕೆ ಬೆಳ್ಳುಳ್ಳಿಯನ್ನು ಎಸಳು ಬಿಡಿಸಿ, ಎಣ್ಣೆಯಿಲ್ಲದೆ ಗರಿಗರಿ ಆಗುವ ತನಕ ಹುರಿದೇ ಒರಳಿಗೆ ಹಾಕಿದಳು. ಹಸಿ ಬೆಳ್ಳುಳ್ಳಿ ಬೇಡ ಅಂತ ನಾನು ಹೇಳುವ ಮೊದಲೇ.

ಪುಡಿಯದು ಬೇರೆ ತಕರಾರು. ಗಾಳಿ ಎಳೆದ ಕೂಡಲೇ ಪುಡಿಯೂ ಎದ್ದು ಬಂದು ಚೀಲದ ಬಾಯಿಗೆ ಕೂಡುತ್ತದೆ. ಅಂಟಿಸುವ ಜಾಗದಲ್ಲಿ ಪುಡಿಯ ಪದರು ಇದ್ದರೆ ಪ್ಲಾಸ್ಟಿಕ್ಕು ಪ್ಲಾಸ್ಟಿಕ್ಕಿಗೆ ಹತ್ತುವುದೇ ಇಲ್ಲ. ಗುರೆಳ್ಳಿನ ಮೂರು ಚೀಲ ನೀರಲ್ಲಿ ಗುಳ್ಳೆ ಬಿಟ್ಟವು. ಬಾಯಿಯನ್ನು ತೋಳಿನ ಹಾಗೆ ಹೊರಗೆ ಮಡಚಿ ತುಂಬಿದೆ, ಒಳಗೆ ಕಾಗದದ ಕರವಸ್ತ್ರ ಅಡ್ಡ ಇಟ್ಟೆ. ಅರ್ಧ ಮಾತ್ರ ಗೆದ್ದೆ. ಕೊನೆಗೆ ಈಕೆ ಬಂದು, ಬೆಣ್ಣೆಕಾಗದದಲ್ಲಿ ಕಾಲುಕಿಲೋ ಪೊಟ್ಟಣ ಕಟ್ಟಿ, ಕಿರಾಣಿಯವನ ಹಾಗೆ ದಾರ ಸುತ್ತಿ, ಪೊಟ್ಟಣವನ್ನೇ ಚೀಲಕ್ಕೆ ಇಳಿಸಿದಳು. ಗಾಳಿ ದಾರದ ಸಂದಿಯಿಂದ ಬಂತು, ಪುಡಿ ಒಳಗೇ ಕೂತಿತು. ಮುಟ್ಟಿದರೆ ಇಟ್ಟಿಗೆಯಷ್ಟು ಗಟ್ಟಿ.

ಒಂದು ಪರೀಕ್ಷೆಯನ್ನೂ ಹೂಡಿದ್ದೇನೆ. ಇವತ್ತಿನದೇ ಶೇಂಗಾ ಚಟ್ನಿ: ಅರ್ಧ ಕಿಲೋ ಸ್ಟೀಲಿನ ಡಬ್ಬಿಯಲ್ಲಿ, ಮೂರು ಪೊಟ್ಟಣ ಮಷಿನ್ನಿನ ಚೀಲದಲ್ಲಿ. ಎಲ್ಲವೂ ಒಂದೇ ಮಾಡದಲ್ಲಿ. ಶೇಂಗಾದ ಎಣ್ಣೆ ಆಮ್ಲಜನಕ ಕುಡಿದು ಕಮಟಾಗುತ್ತದೆ ಅಂತ ಪುಸ್ತಕ ಹೇಳುತ್ತದೆ. ಯಾವುದು ಮೊದಲು ಕಮಟುತ್ತದೆ ನೋಡೋಣ.

11 ಜನವರಿ, ಶನಿವಾರ

ಮಗಳು ನಿನ್ನೆ ಬಂದಳು. ಇವತ್ತು ಅವ್ವನನ್ನು ಮಷಿನ್ ಮುಂದೆ ಕೂಡಿಸಿಕೊಂಡು ತೋರಿಸಿದಳು. ಅವ್ವನಿಗೆ ಕಣ್ಣು ಮಂಜು. ಗಟ್ಟಿಯಾದ ಚೀಲವನ್ನು ಕೈಯಲ್ಲಿ ಹಿಡಿದು, ಹೆಬ್ಬೆಟ್ಟಿನಿಂದ ಒತ್ತಿ, ಮೂಗಿಗೆ ಹಿಡಿದಳು.

“ಏನೂ ವಾಸನಿ ಇಲ್ಲ. ಇದು ಹಗೇವ ಅಲ್ಲನು?”

ಮಗಳಿಗೆ ಹಗೇವು ಅಂದರೆ ಗೊತ್ತಿಲ್ಲ. ನನಗೆ ಮಾತ್ರ ಎದೆ ಝಲ್ಲೆಂದಿತು. ಮೂವತ್ತು ವರ್ಷ ಪಾಠ ಹೇಳಿದವನಿಗೆ ಹೊಳೆಯದ್ದು.

ಮುರಗೋಡದ ಕಡೆ ನಮ್ಮ ಹಳ್ಳಿಯ ಮನೆಯ ಅಂಗಳದಲ್ಲಿ ಎರಡು ಹಗೇವು ಇದ್ದವು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಗಡಿಗೆಯ ಹಾಗೆ ಅಗಲ. ತಳಕ್ಕೂ ಬದಿಗೂ ಕಣಕಿ ಹಾಸಿ, ಜೋಳ ತುಂಬಿ, ಮೇಲೆ ಮತ್ತೆ ಕಣಕಿ, ಮೇಲೊಂದು ಹಾಸುಗಲ್ಲು, ಅದರ ಸುತ್ತ ಮಣ್ಣು ಮೆತ್ತುತ್ತಿದ್ದರು. ಅದರ ಮೇಲೆಯೇ ದನ ನಡೆದಾಡುತ್ತಿದ್ದವು. ಕೆಳಗೆ ಜೋಳ ಇದೆ ಅಂತ ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ.

ನಾನು ನೋಡಿದ್ದು ಒಮ್ಮೆ ಮಾತ್ರ, 1972ರ ಬರದಲ್ಲಿ, ಹತ್ತು ವರ್ಷದವನಿದ್ದಾಗ. ಕಲ್ಲು ಸರಿಸಿದರು. ಅಪ್ಪ ಇಳಿಯಲಿಲ್ಲ. ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಟ್ಟ. ಮೂರು ಮೊಳ ಇಳಿಯುವುದರಲ್ಲಿ ಉರಿ ಸಣ್ಣಗಾಗಿ ಫಕ್ ಅಂತ ಆರಿತು. “ಇನ್ನೂ ಉಸರು ಬಂದಿಲ್ಲ,” ಅಂದ ಅಪ್ಪ. ಬಾಯಿ ತೆರೆದೇ ಬಿಟ್ಟು ಮರುದಿನ ಮತ್ತೆ ಕಂದೀಲು ಬಿಟ್ಟರು. ಅದು ಉರಿಯುತ್ತ ತಳದ ತನಕ ಹೋದ ಮೇಲೆಯೇ ಆಳು ಇಳಿದದ್ದು. ಕಂದೀಲು ಬಿಡದೆ ಇಳಿದವರು ಮೇಲೆ ಬರಲಿಲ್ಲ ಅನ್ನುವ ಮಾತು ಎಲ್ಲ ಊರಲ್ಲೂ ಇತ್ತು.

ಅದರ ಕಾರಣ ಆಮೇಲೆ ನಾನೇ ಮಕ್ಕಳಿಗೆ ಹೇಳಿದೆ, ಮೇಣಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ. ಕಾಳಿಗೂ ಜೀವ ಇದೆ, ಉಸಿರಾಡುತ್ತದೆ. ಅದರೊಳಗಿನ ನುಸಿಯೂ ಉಸಿರಾಡುತ್ತದೆ. ಬಾಯಿ ಮೆತ್ತಿದ ಗುಂಡಿಯಲ್ಲಿ ಇದ್ದ ಆಮ್ಲಜನಕವನ್ನೆಲ್ಲ ಅವೇ ಮುಗಿಸುತ್ತವೆ, ಅದರ ಜಾಗದಲ್ಲಿ ತುಂಬುವುದು ಇಂಗಾಲದ ಡೈಆಕ್ಸೈಡು. ನುಸಿ ಸಾಯುತ್ತದೆ, ಕಾಳು ಮಲಗುತ್ತದೆ. ಗಾಳಿ ಎಳೆಯಲು ಮಷಿನ್ ಬೇಕಿಲ್ಲ. 1980ರ ದಶಕದಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನಿನಲ್ಲಿ ಅಲಸಂದಿಗೆ ಹತ್ತುವ ಹುಳದ ಸಲುವಾಗಿ ಚೀಲದೊಳಗೆ ಎರಡು ದಪ್ಪ ಪ್ಲಾಸ್ಟಿಕ್ ಪದರು ಇಟ್ಟು ಬಾಯಿ ಬಿಗಿಯುವ ಉಪಾಯ ಮಾಡಿದರಲ್ಲ, ಅದೂ ಇದೇ. ಹುಳದ ಉಸಿರಿನಿಂದಲೇ ಹುಳಕ್ಕೆ ಕೊನೆ.

ಅವ್ವ ಇದನ್ನೆಲ್ಲ ಕೇಳಿ, “ನಿನ್ನ ಗ್ಯಾಸ್ ಹಾಂಗಿರಲಿ. ಮಣ್ಣ ಮೆತ್ತೂದ ಮುಖ್ಯ,” ಅಂದಳು. ಆ ಕೆಲಸ ಅವಳದಂತೆ. ಮಣ್ಣನ್ನು ಎರಡು ದಿನ ಕೊಳೆಹಾಕಿ, ತುಳಿದು, ಸೋಸಿ ಇಟ್ಟುಕೊಳ್ಳುತ್ತಿದ್ದಳು. “ಮಣ್ಣಾಗ ಒಂದ ಕಣಕಿ ಎಳಿ ಉಳೀತಂದ್ರ ಅದು ಒಣಗಿ ಸಣ್ಣ ಆಕ್ಕೈತಿ, ಅಲ್ಲೇ ದಾರಿ ಬೀಳತೈತಿ. ಕಣ್ಣಿಗೆ ಕಾಣೂದಿಲ್ಲ. ಬೆರಳಿಗೆ ಸಿಗತೈತಿ.” ಹಾಗೆ ದಾರಿ ಬಿದ್ದ ವರ್ಷ ಬದಿಯ ಜೋಳವೆಲ್ಲ ಮುಗ್ಗಿ ಹೋಗಿತ್ತಂತೆ. ಚೆನ್ನಾಗಿದ್ದ ವರ್ಷವೂ ಹಗೇವಿನ ಜೋಳಕ್ಕೆ ಒಂದು ಹುಳಿನಾತ ಇತ್ತು, ಅದು ನನಗೆ ಇನ್ನೂ ನೆನಪಿದೆ. ಬರದ ವರ್ಷ ಯಾರೂ ಮೂಗು ಮುಚ್ಚಲಿಲ್ಲ.

13 ಜನವರಿ, ಸೋಮವಾರ. ಬನದ ಹುಣ್ಣಿಮೆ

ಸವದತ್ತಿಯ ಗುಡ್ಡಕ್ಕೆ ಹೋಗುವ ಚಕ್ಕಡಿ ಬೆಳಗಿನ ತನಕ ಊರೊಳಗಿಂದ ಹೋದವು. ಎತ್ತಿನ ಗೆಜ್ಜೆ, ಉಧೋ ಉಧೋ, ನಡುವೆ ಟ್ರ್ಯಾಕ್ಟರಿನ ಡೆಕ್ಕು. ಒಂದು ಚಕ್ಕಡಿ ನಮ್ಮ ಓಣಿಯ ತುದಿಯಲ್ಲಿ ನಿಂತಿತ್ತು, ಮಗಳು ಇಣುಕಿ ನೋಡಿ ಬಂದಳು. ಮೂರು ದಿನದ ಬುತ್ತಿ: ಬಿದಿರಿನ ಬುಟ್ಟಿಯಲ್ಲಿ ಧೋತರ ಹಾಸಿ, ಖಡಕ್ ರೊಟ್ಟಿಯನ್ನು ನಿಲ್ಲಿಸಿ ಜೋಡಿಸಿದ್ದರಂತೆ. ಮಲಗಿಸಿ ಅಲ್ಲ, ನಿಲ್ಲಿಸಿ. ಚಕ್ಕಡಿಯ ಕುಲುಕಿಗೂ ಒಡೆದಿರಲಿಲ್ಲವಂತೆ.

17 ಜನವರಿ, ಶುಕ್ರವಾರ

ಮಷಿನ್ನಿನ ಸುದ್ದಿ ಓಣಿಯಲ್ಲೆಲ್ಲ ಹಬ್ಬಿದೆ. ಸಂಕ್ರಾಂತಿಯ ಹಿಂದಿನ ದಿನ ಪಕ್ಕದ ಮನೆಯ ಅಕ್ಕ ಹಸಿ ಕೆಂಪು ಮೆಣಸಿನಕಾಯಿಯ ರಂಜಕ ತಂದು, ಎರಡು ಚೀಲ ಮಾಡಿಸಿಕೊಂಡು ಹೋಗಿದ್ದರು. ನಾನು ಮನೆಯಲ್ಲಿ ಇರಲಿಲ್ಲ. ಇವತ್ತು ಮುಂಜಾನೆ ಒಂದನ್ನು ಹಿಡಿದುಕೊಂಡು ಬಂದರು. “ಮಾಸ್ತರ, ನಿಮ್ಮ ಮಷಿನ್ ಗಾಳಿ ತಗಿಯೂದಲ್ಲ, ತುಂಬೂದದ!” ಚೀಲ ಬಲೂನಿನ ಹಾಗೆ ಉಬ್ಬಿತ್ತು.

ಗಾಳಿ ತೆಗೆದರೆ ಬೂಸ್ಟು ಬರುವುದಿಲ್ಲ, ನಿಜ. ಬೂಸ್ಟಿಗೆ ಗಾಳಿ ಬೇಕು. ಆದರೆ ಗಾಳಿ ಬೇಡದ ಜೀವಿಗಳೂ ಇವೆ, ಹಸಿ ಪದಾರ್ಥದಲ್ಲಿ ಅವಕ್ಕೆ ನಾವೇ ಮನೆ ಕಟ್ಟಿಕೊಟ್ಟ ಹಾಗೆ. ರಂಜಕಕ್ಕೆ ಹುಳಿ, ಉಪ್ಪು ಇರುವುದರಿಂದ ಬಹುಶಃ ಬರೀ ಹುಳಿತದ್ದು ಇರಬಹುದು. ಬಹುಶಃ ಅನ್ನುವುದನ್ನು ಯಾರೂ ಉಣ್ಣಬಾರದು. 1895ರಲ್ಲಿ ಬೆಲ್ಜಿಯಂನ ಎಲೆಜೆಲ್ ಎಂಬ ಹಳ್ಳಿಯಲ್ಲಿ ಸಾವಿನ ಮನೆಯಲ್ಲಿ ವಾದ್ಯ ನುಡಿಸಲು ಹೋದವರು ಉಪ್ಪು ಹಾಕಿಟ್ಟ ಹಂದಿಮಾಂಸ ಉಂಡು, ಮೂವರು ಸತ್ತರು. ಆ ಮಾಂಸದಲ್ಲೇ ವಾನ್ ಎರ್ಮೆಂಗೆಮ್ ಅನ್ನುವವರು ಬೊಟುಲಿನಂ ಕ್ರಿಮಿಯನ್ನು ಕಂಡುಹಿಡಿದದ್ದು. ಅದು ವಿಷ ಕಾರಿದರೆ ವಾಸನೆಯಿಂದಾಗಲಿ ರುಚಿಯಿಂದಾಗಲಿ ಗೊತ್ತಾಗುವ ಖಾತ್ರಿ ಇಲ್ಲ. ಹುಳಿಯಿಲ್ಲದೆ ಎಣ್ಣೆಯಲ್ಲಿ ಮುಳುಗಿಸಿಟ್ಟ ಹಸಿ ಬೆಳ್ಳುಳ್ಳಿಯೂ ಅದಕ್ಕೆ ಇಷ್ಟದ ಜಾಗ. ಅಕ್ಕನಿಗೆ ಇಷ್ಟೆಲ್ಲ ಹೇಳಲಿಲ್ಲ. ಎರಡೂ ಚೀಲ ತರಿಸಿಕೊಂಡು, ಬಿಚ್ಚದೆ ಮಣ್ಣಲ್ಲಿ ಹೂತೆ. ಹಸಿಯದು ಏನಿದ್ದರೂ ಚೀಲ ಹಾಕಿದ ಮೇಲೂ ಫ್ರಿಜ್ಜಿಗೇ, ತಿಂಗಳುಗಟ್ಟಲೆ ಬೇಕಿದ್ದರೆ ಫ್ರೀಜರಿಗೆ. ಅಡಿಗೆಮನೆಯ ಗೋಡೆಗೆ ಬರೆದು ಅಂಟಿಸಿದ್ದೇನೆ. ಈಕೆ ಅದರ ಮೇಲೆಯೇ ಹಾಲಿನ ಲೆಕ್ಕ ಬರೆದಿದ್ದಾಳೆ.

25 ಜನವರಿ, ಶನಿವಾರ

ಇಡೀ ದಿನ ಪ್ಯಾಕಿಂಗು. ಚಟ್ನಿ ಮೂರು ಬಗೆ, ಒಟ್ಟು ನಾಲ್ಕು ಕಿಲೋ, ಎಲ್ಲ ಪೊಟ್ಟಣದ ಮೇಲೆ ಚೀಲ. ಹುರಿದ ಗುರೆಳ್ಳು ಬಿಡಿ. ಶೇಂಗಾ ಹೋಳಿಗೆಯ ನಡುವೆ ಬೆಣ್ಣೆಕಾಗದ ಇಟ್ಟು, ಚೀಲ ಮೈಗೆ ಹತ್ತಿದ ಕೂಡಲೇ ಗುಂಡಿ ಒತ್ತಿ ನಿಲ್ಲಿಸಿದೆ. ಅಷ್ಟಕ್ಕೇ ಮೂರು ಹೋಳಿಗೆ ಪಾಪಡದಷ್ಟು ತೆಳ್ಳಗಾದವು. ಯಾರೋ ನೆಂಟರು ಬೆಳಗಾವಿಯ ಕುಂದಾ ತಂದುಕೊಟ್ಟು, “ಮಷಿನ್ ಐತೆಲ್ಲ, ಹಾಕಿ ಕಳಸ್ರಿ,” ಅಂದರು. ಹೊರಗಿನಿಂದ ಬರುವವರು ಹಾಲಿನ ಪದಾರ್ಥ, ಮಾಂಸ ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಗಾಳಿ ತೆಗೆದರೆ ಅದು ಖವಾ ಅಲ್ಲ ಅಂತ ಆಗುತ್ತದೆಯೇ? ಕುಂದಾ ನಾವೇ ತಿಂದೆವು. ಆ ಮಟ್ಟಿಗೆ ಯುರೋಪಿನ ಕಾನೂನು ಒಳ್ಳೆಯದೇ.

ರೊಟ್ಟಿ? ಅರವತ್ತು ಖಡಕ್ ರೊಟ್ಟಿ, ನಮ್ಮ ಮನೆಯ ಅಳತೆಯವೇ. ಈಕೆ ಬಿಸ್ಕೀಟಿನ ಹಳೆಯ ತಗಡಿನ ಡಬ್ಬಿ ತೆಗೆದು, ಧೋತರ ಹಾಸಿ, ಒಂದೊಂದನ್ನೂ ನಿಲ್ಲಿಸಿ ಜೋಡಿಸಿದಳು.

ಮಷಿನ್ ಮುಚ್ಚಿ ಬದಿಗಿಟ್ಟೆ.

30 ಜನವರಿ, ಗುರುವಾರ

ಮಗಳ ಮೆಸೇಜು. ಸೂಟ್‌ಕೇಸಿನಲ್ಲಿ ಬೆಳ್ಳುಳ್ಳಿ ವಾಸನೆ ಇಲ್ಲ. ರೊಟ್ಟಿ ನಲವತ್ತೊಂಬತ್ತು ಇಡಿ, ಹನ್ನೊಂದು ಚೂರು.

12 ಫೆಬ್ರವರಿ, ಬುಧವಾರ. ಭಾರತ ಹುಣ್ಣಿಮೆ

ಐದು ವಾರ ಆಯಿತು. ಡಬ್ಬಿಯ ಚಟ್ನಿ, ಚೀಲದ ಒಂದು ಪೊಟ್ಟಣ, ಎರಡನ್ನೂ ಬೇರೆ ಬೇರೆ ಬಟ್ಟಲಿಗೆ ಹಾಕಿ, ಯಾವುದು ಯಾವುದು ಅಂತ ಹೇಳದೆ ಈಕೆಗೂ ಅವ್ವನಿಗೂ ಕೊಟ್ಟೆ.

“ಎರಡೂ ಒಂದರಿ,” ಅಂದಳು ಈಕೆ. ಅವ್ವ ಉಪ್ಪು ಕಡಿಮೆ ಅಂದಳು. ನನಗೂ ಫರಕು ತಿಳಿಯಲಿಲ್ಲ. ಚಳಿಗಾಲ, ಚೆನ್ನಾಗಿ ಹುರಿದ ಶೇಂಗಾ, ಒಣ ಡಬ್ಬಿ: ಇಷ್ಟಿದ್ದರೆ ಐದು ವಾರಕ್ಕೆ ಮಷಿನ್ ಬೇಕಿಲ್ಲ. 3,200 ರೂಪಾಯಿಯ ಮಾತು ಯಾರೂ ತೆಗೆಯಲಿಲ್ಲ, ಅದೇ ಉಪಕಾರ.

30 ಮಾರ್ಚ್, ರವಿವಾರ. ಯುಗಾದಿ

ಬಿಸಿಲು ಜೋರಾಗಿದೆ, ಮಾಡದ ಗೋಡೆಯೂ ಬೆಚ್ಚಗೆ. ಬೇವುಬೆಲ್ಲ ಆದ ಮೇಲೆ ಉಳಿದೆರಡು ಪೊಟ್ಟಣ ತೆಗೆದೆ. ಒಂದು ಜನವರಿಯಲ್ಲಿ ಇದ್ದ ಹಾಗೇ ಇಟ್ಟಿಗೆ. ಇನ್ನೊಂದು ಕೈಯಲ್ಲಿ ಮೆತ್ತಗೆ ಜಗ್ಗಿತು. ಯಾವಾಗಲೋ ಗಾಳಿ ಹೊಕ್ಕಿದೆ.

ಮೂರು ಬಟ್ಟಲು. ಈ ಸಲ ಫರಕು ಸ್ಪಷ್ಟ. ಡಬ್ಬಿಯದಕ್ಕೆ ಹಳೆ ಎಣ್ಣೆಯ ಕಮಟು, ಮೂಗಿಗೆ ಮೊದಲು, ನಾಲಗೆಗೆ ಆಮೇಲೆ. ಗಟ್ಟಿ ಚೀಲದ್ದು ಹೊಸದರಂತೆ, ಬೆಳ್ಳುಳ್ಳಿ ಘಮ ಸಹ. ಜಗ್ಗಿದ ಚೀಲದ್ದು ಡಬ್ಬಿಯದರ ತಮ್ಮ.

ಸೋರಿದ್ದು ಎಲ್ಲಿ ಅಂತ ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಎರಡೂ ಗೆರೆ ನೋಡಿದೆ. ಕಾಣಲಿಲ್ಲ. ಬಕೀಟಿಗೆ ನೀರು ತುಂಬಲು ಎದ್ದೆ. ಅವ್ವ ಕೈ ಚಾಚಿ ಖಾಲಿ ಚೀಲ ಇಸಿದುಕೊಂಡಳು. ತೊಡೆಯ ಮೇಲೆ ಹರವಿ, ಅಂಟಿಸಿದ ಗೆರೆಯ ಮೇಲೆ ತೋರುಬೆರಳನ್ನು ಎಡದಿಂದ ಬಲಕ್ಕೆ ಎಳೆಯುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಹಿಂದಕ್ಕೆ ಬಂದು ಮತ್ತೆ ಅಲ್ಲೇ ನಿಂತಿತು.

“ಇಲ್ಲೈತಿ ನೋಡು.”

ಎರಡು ಗೆರೆಗೂ ಅಡ್ಡಲಾಗಿ ಹಾಳೆ ಸಣ್ಣಗೆ ಸುಕ್ಕುಗಟ್ಟಿತ್ತು. ಸುಕ್ಕಿನ ನಡುವೆ, ಮಷಿನ್ನಿನ ದವಡೆಗೆ ಅಂದು ಅಂಟಿಕೊಂಡು ಉಳಿದಿದ್ದಿರಬೇಕು, ಒಂದು ಗುರೆಳ್ಳು ಕಾಳು.